ಎರಡು ಸಾವಿರ ಯಾರ ಹೆಸರಿಗೆ ಬಂತು?

ಹೋದ ಸಲ ಕೆಂಪಖಾರ ಕುಟ್ಟಿಸೋದರ ಬಗ್ಗೆ ಬರದಿದ್ದೆ, ಭಾಳ ಮಂದಿ ಓದಿ ಫೋನ್ ಮಾಡಿದ್ರಿ, ಖುಷಿ ಆತು. ಈ ಸಲ ಅಡಗಿಮನಿ ಬಿಟ್ಟು ರೊಕ್ಕದ ಬಗ್ಗೆ ಬರೀತೀನಿ. ರೊಕ್ಕ ಅಂದ್ರ ಲಕ್ಷಗಟ್ಲೆ ಅಲ್ಲ, ಎರಡು ಸಾವಿರ ರೂಪಾಯಿ.

ನಮ್ಮ ಓಣ್ಯಾಗ ಈಗ ಎರಡು ನಮೂನಿ ಎರಡು ಸಾವಿರ ಅದಾವು. ನಳದ ಕಡೆ ಯಾರರೆ "ಎರಡು ಸಾವಿರ ಬಂತೇನ್ರಿ?" ಅಂದ್ರ, "ಯಾವ್ದವಾ?" ಅಂತ ಕೇಳಿನ ಉತ್ತರ ಕೊಡಬೇಕು. ಒಂದು ಗೃಹಲಕ್ಷ್ಮಿದು. ಅದು 2023ರ ಆಗಸ್ಟ್ 30ಕ್ಕ ಮೈಸೂರಿನ್ಯಾಗ ಚಾಲೂ ಆತು, ತಿಂಗಳಾ ಎರಡು ಸಾವಿರ. ಒಮ್ಮೊಮ್ಮೆ ಎರಡು ಮೂರು ತಿಂಗಳ ಸುದ್ದಿನ ಇರಂಗಿಲ್ಲ, ಅದು ಬ್ಯಾರೆ ಮಾತು. ಇನ್ನೊಂದು ಪಿಎಂ ಕಿಸಾನ್‌ದು. ಅದು ನಾಲ್ಕು ತಿಂಗಳಿಗೊಮ್ಮೆ ಎರಡು ಸಾವಿರ, ವರ್ಷಕ್ಕ ಮೂರು ಕಂತು, ಕೂಡಿ 6000. ರೊಕ್ಕದ ಲೆಕ್ಕ ಎರಡರದೂ ಒಂದ ಇದ್ರೂ ಬರೋ ದಾರಿ ಬ್ಯಾರೆ. ಗೃಹಲಕ್ಷ್ಮಿ ರೊಕ್ಕ ರೇಶನ್ ಕಾರ್ಡಿನ್ಯಾಗ ಮನಿ ಯಜಮಾನಿ ಅಂತ ಯಾರ ಹೆಸರೈತಿ, ಆಕಿ ಖಾತೆಕ್ಕ ಬರ್ತೈತಿ. ಕಿಸಾನ್ ರೊಕ್ಕ ಹೊಲದ ಉತಾರದಾಗ ಯಾರ ಹೆಸರೈತಿ, ಅವರ ಖಾತೆಕ್ಕ ಬರ್ತೈತಿ. ಇಷ್ಟ ಫರಕು. ಆದ್ರ ಈ ಇಷ್ಟ ಫರಕಿನೊಳಗ ನಮ್ಮ ನೆಗೆಣ್ಣಿದು ಮೂರು ವರ್ಷ ಹೋತು, ಅದನ್ನ ಹೇಳಾಕಂತನ ಕುಂತೀನಿ. ಆಕಿನ ಕೇಳೇ ಬರೀಲಿಕ್ಕತ್ತೀನಿ. "ಬರೀ ಎಕ್ಕಾ, ಯಾರಿಗರೆ ಉಪಯೋಗ ಆಗ್ಲಿ" ಅಂದಾಳ. ನಮ್ಮ ಮನಿಮಂದಿ ಯಾರೂ ಸಿಟ್ಟಾಗಬ್ಯಾಡ್ರಿ.

ಕಿಸಾನ್ ಯೋಜನೆ 2019ರ ಫೆಬ್ರುವರಿ 24ಕ್ಕ ಉತ್ತರ ಪ್ರದೇಶದ ಗೋರಖಪುರದಾಗ ಚಾಲೂ ಮಾಡಿದ್ರು. ಮೊದಲ ಎರಡು ಹೆಕ್ಟೇರ್ ಒಳಗ ಹೊಲ ಇದ್ದವರಿಗಷ್ಟ ಅಂದಿದ್ರು, ಅದ ವರ್ಷ ಹೊಲ ಇದ್ದ ಎಲ್ಲಾ ರೈತರಿಗೂ ಅಂದ್ರು. ಎಲ್ಲಾರಿಗೂ ಅಂದ್ರೂ ಇನ್‌ಕಮ್ ಟ್ಯಾಕ್ಸ್ ಕಟ್ಟೋರಿಗಿಲ್ಲ, ಸರಕಾರಿ ನೌಕರಿಯವರಿಗಿಲ್ಲ (ಸಿಪಾಯಿ ಅಂಥಾ ಸಣ್ಣ ನೌಕರಿ ಬಿಟ್ಟು), ಡಾಕ್ಟರ್ ವಕೀಲರಿಗಿಲ್ಲ, ತಿಂಗಳಾ ಹತ್ತು ಸಾವಿರಕ್ಕ ಮ್ಯಾಲ ಪೆನ್ಶನ್ ಇದ್ದವರಿಗಿಲ್ಲ. ಗಂಡ, ಹೆಂಡ್ತಿ, ಸಣ್ಣ ಮಕ್ಕಳು ಕೂಡಿ ಒಂದ ಮನಿ, ಆ ಮನಿಗೆ ಒಂದ. ಯಡಿಯೂರಪ್ಪನವರ ಸರಕಾರ ಇದ್ದಾಗ ರಾಜ್ಯದ ಕಡಿಂದ ಇನ್ನೂ 4000 ಕೂಡಿಸ್ತಿದ್ರು, ವರ್ಷಕ್ಕ ಹತ್ತು ಸಾವಿರ ಆಗ್ತಿತ್ತು. 2023ರಾಗ ಸರಕಾರ ಬದಲಾದ ಮ್ಯಾಲ ರಾಜ್ಯದ್ದು ನಿಂತು ಹೋತು. ಕೇಂದ್ರದ 6000 ಮಾತ್ರ 2019ರಾಗ ಎಷ್ಟಿತ್ತೋ ಈಗೂ ಅಷ್ಟ ಐತಿ. ದಿನಕ್ಕ ಲೆಕ್ಕ ಹಾಕಿದ್ರ 16 ರೂಪಾಯಿ ಚಿಲ್ಲರ. ನಮ್ಮ ಕಡೆ ಕಳೆ ತೆಗಿಯೋ ಹೆಣ್ಣಾಳಿಗೆ ಈಗ ದಿನಕ್ಕ 300 ಕೊಡಬೇಕು. ಎರಡು ಸಾವಿರಕ್ಕ ಏಳು ಆಳೂ ಸಹಿತ ಆಗಂಗಿಲ್ಲ. ಆದ್ರೂ ಸರಿಯಾದ ಹೊತ್ತಿಗೆ ಬಂದ್ರ ಅದರ ಬೆಲಿ ದೊಡ್ಡದು. ಬಿತ್ತೋ ಮುಂದ ಅಂಗಡ್ಯಾಗ ಉದ್ರಿ ಹೇಳೋ ಬಾಯಿ ತಪ್ಪತೈತಿ.

ಈಗ ಹೊಲದ ಮಾತಿಗೆ ಬರ್ತೀನಿ. ನಮ್ದು ಗದಗ ಜಿಲ್ಲಾ, ಕರಿ ಎರಿ ಸೀಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡ್ಲಿ, ಬಿಳಿಜೋಳ. ಕೂರಗಿ ಹಿಡಿಯೋದು, ಎಡಿ ಹೊಡಿಯೋದು, ಎಣ್ಣಿ ಹೊಡಿಯೋದು ಗಂಡಸರದು. ಬೀಜ ಹಸನ ಮಾಡೋದು, ಅಕ್ಕಡಿ ಕಾಳು ಹಾಕೋದು, ಕಳೆ ತೆಗಿಯೋದು, ಹೆಸರು ಬಿಡಿಸೋದು, ಕಡ್ಲಿ ಕೀಳೋದು, ರಾಶಿ ತೂರೋದು, ಆಮ್ಯಾಲ ಬೇವಿನ ತಪ್ಪಲಾ ಹಾಕಿ ಚೀಲ ಕಟ್ಟಿ ಇಡೋದು, ಇದೆಲ್ಲಾ ನಮ್ದು. ಸೊಂಟ ಬಗ್ಗಿಸೋ ಕೆಲಸಾ ಎಲ್ಲಾ ಹೆಣ್ಮಕ್ಕಳದು ಅಂತ ನಮ್ಮ ಅತ್ತಿ ಹೇಳೋರು. ಆದ್ರ ಉತಾರ ತಗದು ನೋಡ್ರಿ. ಸರಕಾರದ 2015-16ರ ಕೃಷಿ ಗಣತಿ ಪ್ರಕಾರ ಇಡೀ ದೇಶದಾಗ ನೂರು ಹಿಡುವಳಿ ಇದ್ರ ಅದರಾಗ ಹೆಣ್ಮಕ್ಕಳ ಹೆಸರಿಲೆ ಇದ್ದದ್ದು 14 ಸಹಿತ ಇಲ್ಲ. ನಮ್ಮ ಓಣ್ಯಾಗ ಎಣಿಸಿದ್ರ ಮೂರು. ಆ ಮೂರೂ ಮಂದಿ ಗಂಡ ಇಲ್ಲದವರು.

ನಮ್ಮ ಮಾವನವರು 2011ರಾಗ ತಾವು ಇದ್ದಾಗನ ಎಂಟು ಎಕರೆ ಹೊಲಾನ ಇಬ್ಬರು ಗಂಡುಮಕ್ಕಳಿಗೆ ವಾಟ್ನಿ ಮಾಡಿ ಕೊಟ್ಟಿದ್ರು. ನಾಲ್ಕು ಎಕರೆ ನಮ್ಮ ಮನಿಯವರ ಹೆಸರಿಗೆ, ನಾಲ್ಕು ಎಕರೆ ಮೈದುನನ ಹೆಸರಿಗೆ. ನಡುವ ಒಂದ ಬದು. ಅತ್ತಿ ಹೆಸರು ಎಲ್ಲೂ ಇಲ್ಲ, ಅದನ್ನ ಯಾರೂ ಕೇಳಲೂ ಇಲ್ಲ, ಅವರೂ ಕೇಳಲಿಲ್ಲ. ಮಾವನವರು 2014ರಾಗ ಹೋದ್ರು. ಅತ್ತಿ ಸಣ್ಣ ಮಗನ ಕಡೆ ಇದ್ರು.

ಮೈದುನಗ 2022ರ ಶ್ರಾವಣದಾಗ ಎದಿ ನೋವು ಅಂತ ಬಂತು, ಗದಗಿಗೆ ಮುಟ್ಟೋದ್ರಾಗ ಆತ ಉಳೀಲಿಲ್ಲ. 46 ವಯಸ್ಸು. ಅದರ ಬಗ್ಗೆ ಇಲ್ಲಿ ಹೆಚ್ಚಿಗಿ ಬರಿಯೋದಿಲ್ಲ. ಮಗಳು ಹತ್ತನೇತ್ತ ಮುಗಿಸಿದ್ಲು, ಮಗ ಆರನೇತ್ತ.

ಆ ವರ್ಷ ಮೇ 31ಕ್ಕ ಬಂದ ಕಂತು ಮೈದುನ ತಾನ ತಗೊಂಡಿದ್ದ, ಹೆಸರು ಬಿತ್ತಾಕ ಆಗಿತ್ತು. ಆಮ್ಯಾಲಿನ ಕಂತು ದೀಪಾವಳಿ ಮುಂದ, ಅಕ್ಟೋಬರ್ 17ಕ್ಕ ಬಂತು. ನಮ್ಮದು ಬಂತು, ಅವರದು ಬರಲಿಲ್ಲ. ಬರಬಾರದು ಖರೆ, ರೊಕ್ಕ ಸತ್ತವರಿಗೆ ಹೋಗಬಾರದು. ಅಷ್ಟೊತ್ತಿಗೆ ಇ-ಕೆವೈಸಿ ಅಂತ ಮಾಡಿದ್ರು: ಆಧಾರ ಜೋಡಿ ಓಟಿಪಿ ಕೊಡಬೇಕು, ಇಲ್ಲಾ ಹೆಬ್ಬಟ್ಟು ಒತ್ತಬೇಕು. ಬದುಕಿದ್ದವರು ಬದುಕೀವಿ ಅಂತ ತೋರಿಸೋದು ಅಂದ್ರೂ ನಡಿತೈತಿ. ನೆಗೆಣ್ಣಿ ಬ್ಯಾಂಕಿಗೆ ಹೋಗಿ ಮರಣ ದಾಖಲೆ ಕೊಟ್ಟು, ಖಾತೆದಾಗ ಇದ್ದಿದ್ದು ತಗೊಂಡು, ಖಾತೆ ಬಂದ್ ಮಾಡಿಸಿ ಬಂದ್ಲು. ಆಕಿಗೆ ವಿಧವಾ ವೇತನ ತಿಂಗಳಾ 800 ಚಾಲೂ ಆತು. ನೋಡ್ರಿ, 800 ಕೊಡಾಕ ಆಕಿ ಗಂಡ ತೀರ್ಯಾನ ಅಂತ ಸರಕಾರಕ್ಕ ಗೊತ್ತಿತ್ತು. ಹೊಲದ ರೊಕ್ಕ ಕೊಡೋ ಮುಂದ ಆ ಹೊಲ ಇನ್ನೂ ಆತಂದ.

ಹೊಲ ಖಾಲಿ ಬಿಡಾಕ ಬರ್ತೈತೇನು? ಆಕಿನ ಬಿತ್ತಿಸಿದ್ಲು. ಬಾಡಗಿ ಟ್ರ್ಯಾಕ್ಟರ್, ಆಳು, ಎಲ್ಲಾ. ರೈತ ಸಂಪರ್ಕ ಕೇಂದ್ರದಾಗ ಬೀಜಕ್ಕ ಸಬ್ಸಿಡಿ ಇರ್ತೈತಿ, ನಮ್ಮಂಥವರಿಗೆ ಅರ್ಧ, ಎಸ್‌ಸಿ ಎಸ್‌ಟಿ ಮಂದಿಗೆ ಮುಕ್ಕಾಲು. ಅಲ್ಲಿ ಎಫ್‌ಐಡಿ ನಂಬರ್ ಕೇಳ್ತಾರ. ಇದು ಗೊತ್ತಿಲ್ಲದವರಿಗೆ ಹೇಳ್ತೀನಿ: ನಮ್ಮ ರಾಜ್ಯದಾಗ ಫ್ರೂಟ್ಸ್ ಅಂತ ಒಂದು ಕಂಪ್ಯೂಟರ್ ವ್ಯವಸ್ಥಾ ಐತಿ, ಅದರಾಗ ರೈತನ ಆಧಾರ, ಬ್ಯಾಂಕು, ಹೊಲದ ಸರ್ವೆ ನಂಬರ್ ಎಲ್ಲಾ ಒಂದ ಕಡೆ ಕೂಡಿಸಿ ಒಂದು ನಂಬರ್ ಕೊಡ್ತಾರ. ಬೀಜ, ತಾಡಪತ್ರಿ, ಸ್ಪ್ರಿಂಕ್ಲರ್ ಪೈಪು, ಬರಗಾಲದ ಪರಿಹಾರ, ಯಾವುದಕ್ಕೂ ಅದ ನಂಬರ್. ಆಕಿ ಹೆಸರಿಲೆ ಹೊಲ ಇಲ್ಲ, ಅದಕ್ಕ ನಂಬರಿಲ್ಲ, ನಂಬರಿಲ್ಲದಕ್ಕ ಬೀಜಾ ಪೂರಾ ಬೆಲಿಗೆ ತಂದ್ಲು. ಯೂರಿಯಾ ಒಂದು ಉತಾರ ಕೇಳಲಿಲ್ಲ. 45 ಕಿಲೋ ಚೀಲ 266 ರೂಪಾಯಿ ಐವತ್ತು ಪೈಸೆ, ಅಂಗಡ್ಯಾಗ ಮಶಿನ್ ಮ್ಯಾಲ ಹೆಬ್ಬಟ್ಟು ಒತ್ತಿದ್ರ ಸಾಕಿತ್ತು. ಅದರ ಸಬ್ಸಿಡಿ ನಮ್ಮ ಖಾತೆಕ್ಕ ಬರಂಗಿಲ್ಲ, ಸರಕಾರ ಕಂಪನಿಗೆ ಕೊಡ್ತೈತಿ. ಹಂಗಾಗಿ ಗೊಬ್ಬರದ ಮಟ್ಟಿಗೆ ಆಕಿನೂ ರೈತಳು.

ಆಮ್ಯಾಲ ಬಂತು 2023ರ ಬರಗಾಲ. ನಿಮಗೆಲ್ಲಾ ನೆನಪಿರಬೇಕು. ಆಗಸ್ಟ್ ತಿಂಗಳು ಪೂರ್ತಿ ಆಕಾಶ ಬೆಳ್ಳಗ. ಹೆಸರು ಹೂವು ಹಿಡಿಯೋ ಹೊತ್ತಿಗೆ ಬಾಡಿ ಬಗ್ಗಿತು. ರಾಜ್ಯದ 236 ತಾಲೂಕಿನ್ಯಾಗ 223 ಬರಪೀಡಿತ ಅಂತ ಸರಕಾರ ಹೇಳ್ತು. ಮೊದಲ 2024ರ ಜನವರಿ ಸುಮಾರ ರಾಜ್ಯದವರು ಎರಡು ಸಾವಿರದ ತನಕ ಹಾಕಿದ್ರು. ಕೇಂದ್ರದ ರೊಕ್ಕದ ಸಲುವಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಬೇಕಾತು, ಏಪ್ರಿಲ್ ಕಡಿಗೆ 3454 ಕೋಟಿ ಬಿಡುಗಡೆ ಆತು. ಮಳಿ ಆಧಾರದ ಹೊಲಕ್ಕ ಹೆಕ್ಟೇರಿಗೆ 8500, ಅದೂ ಎರಡು ಹೆಕ್ಟೇರ್ ತನಕ ಅಷ್ಟ. ಎಕರೆಕ್ಕ ಲೆಕ್ಕ ಹಾಕಿದ್ರ 3440 ಆಗ್ತೈತಿ. ನಮ್ಮ ನಾಲ್ಕು ಎಕರೆಕ್ಕ ಮೊದಲಿಂದು ಆಮ್ಯಾಲಿಂದು ಎಲ್ಲಾ ಕೂಡಿ 13,700ರ ಮ್ಯಾಲ ಬಂತು. ಬದುವಿನ ಆ ಕಡಿಗೆ ಒಂದು ರೂಪಾಯಿ ಬರಲಿಲ್ಲ. ಅದ ಮಳಿ, ಅದ ಬಿಸಲು, ಅದ ಬೀಜ. ಒಣಗಿದ ಹೆಸರಿನ ಗಿಡಾ ಕಿತ್ತು ಆಕಳಿಗೆ ಹಾಕೋ ಮುಂದ ನಾವಿಬ್ಬರೂ ಒಂದ ಬುಟ್ಟ್ಯಾಗ ಹೊತ್ತೀವಿ.

ಆವತ್ತು ಬ್ಯಾಂಕಿಂದ ಮೆಸೇಜ್ ಬಂದಾಗ ನಮ್ಮ ಮನಿಯವರು ಸುಮ್ಮನ ಫೋನ್ ಕಿಸೆದಾಗ ಇಟಗೊಂಡ್ರು. ರಾತ್ರಿ ಊಟಾ ಆದ ಮ್ಯಾಲ, "ಇದರಾಗ ಅರ್ಧ ಅವರಿಗೆ ಕೊಡೋಣೇನ" ಅಂದ್ರು. ಕೊಟ್ವಿ. ಆದ್ರ ನೆಗೆಣ್ಣಿ ತಗೊಳ್ಳೋ ಮುಂದ ಅಂದದ್ದು ನನಗ ಇನ್ನೂ ಕಿವ್ಯಾಗೈತಿ. "ಎಕ್ಕಾ, ನೀವು ಕೊಟ್ಟದ್ದು ನೀವು ಕೊಟ್ಟದ್ದು. ನನ್ನ ಹೊಲದ್ದು ನನಗ ಬರಲಿಲ್ಲ."

ಹಂಗಾರ ಎರಡು ವರ್ಷ ವಾರಸಾ ಯಾಕ ಮಾಡಿಸಲಿಲ್ಲ ಅಂತ ಕೇಳ್ತೀರಿ. ಎಲ್ಲಾರೂ ಅದನ್ನ ಕೇಳ್ತಾರ. ಗಂಡ ತೀರಿದ್ರ ಹೊಲ ತಾನಾಗೇ ಹೆಂಡ್ತಿ ಹೆಸರಿಗೆ ಬರಂಗಿಲ್ಲ. ಅರ್ಜಿ ಹಾಕಬೇಕು, ಕೆಲವರು ಅದಕ್ಕ ಪೌತಿ ಖಾತೆ ಅಂತಾರ, ನಮ್ಮ ಕಡೆ ವಾರಸಾ ಅಂತೀವಿ. ಮರಣ ದಾಖಲೆ ಬೇಕು, ವಂಶಾವಳಿ ಬೇಕು, ವಾರಸುದಾರರು ಎಲ್ಲಾರೂ ಬರಬೇಕು. ವಾರಸುದಾರರು ಅಂದ್ರ ಹೆಂಡ್ತಿ ಮಕ್ಕಳಷ್ಟ ಅಲ್ಲ. ನಮ್ಮ ಹಿಂದೂ ವಾರಸಾ ಕಾಯ್ದೆದಾಗ ಸತ್ತ ಮಗನ ಅವ್ವನೂ ಹೆಂಡ್ತಿ ಮಕ್ಕಳ ಸಮ ವಾರಸುದಾರಳು. ಅಂದ್ರ ನಮ್ಮ ಅತ್ತಿನೂ ಬರಬೇಕು. ಅತ್ತಿ ಹೆಬ್ಬಟ್ಟು ಒತ್ತಾಕ ಒಲ್ಲೆ ಅಂದ್ರು.

ಅವರ ಅಂಜಿಕಿ ನನಗ ಗೊತ್ತಿತ್ತು. ಓಣ್ಯಾಗ ಯಾರೋ ಕಿವಿ ಊದಿದ್ರು: ಸೊಸಿ ಹೆಸರಿಗೆ ಹೊಲ ಏರಿಸಿದ್ರ ನಾಳೆ ಮಾರಿಕೊಂಡು ತವರಿಗೆ ಹೋಗ್ತಾಳ, ನಿನ್ನ ನೋಡೋರು ಯಾರು ಅಂತ. ಮಗ ಹೋದ ಮುದಿಕಿಗೆ ಇಷ್ಟ ಸಾಕು. "ಅವನ ಹೆಸರು ಇದ್ರ ಇರ್ಲಿ ಬಿಡ್ರಿ, ಏನ್ ತಿಂತೈತಿ?" ಅಂತಿದ್ರು. ಉತಾರದಾಗ ಹೆಸರು ಇರೋತನಾ ಮಗ ಎಲ್ಲೋ ಅದಾನ ಅನ್ನೋ ಭಾವನಾನೂ ಇತ್ತೇನೋ, ನನಗ ಹಂಗ ಅನಿಸ್ತಿತ್ತು. ನೆಗೆಣ್ಣಿ ಅತ್ತಿ ಜೋಡಿ ಜಗಳಾ ಆಡೋ ಪೈಕಿ ಅಲ್ಲ. ಸುಮ್ಮನಿದ್ದು ಸುಮ್ಮನಿದ್ದು ಎರಡು ವರ್ಷ ಕಳದ್ಲು. ನಮ್ಮ ಮನಿಯವರು ಎರಡು ಸಲ ಹೇಳಿ ನೋಡಿದ್ರು. ಹಿರಿಮಗ ಹೇಳಿದ್ರ ಅತ್ತಿಗೆ ಇನ್ನೂ ಸಂಶೆ. ಗಂಡಸರು ಹೊಲದ ಮಾತು ತಗದ್ರ ನಮ್ಮಲ್ಲೆ ಮುದುಕರು ಮೊದಲ ಕೇಳೋದು "ಇದರಾಗ ನಿನಗೇನೈತಿ" ಅಂತ.

ಬರಗಾಲದ ರೊಕ್ಕ ಬಂದು ಒಂದು ಹದಿನೈದು ದಿನಾ ಆಗಿತ್ತು. ಅತ್ತಿ ನಮ್ಮ ಪಡಸಾಲ್ಯಾಗ ಕುಂತು ಹೆಸರು ಹಸನ ಮಾಡಲಿಕ್ಕತ್ತಿದ್ರು, ಬೀಜಕ್ಕ ಇಟ್ಟದ್ದು. ನಾನೂ ಬಾಜೂಕ ಕುಂತೆ.

"ಅತ್ತಿ, ನೀವು ಈ ಹೊಲಕ್ಕ ಬಂದು ಎಷ್ಟು ವರ್ಷ ಆತ್ರಿ?" ಅಂದೆ.

"ಲಗ್ನಾ ಆಗಿ ಬಂದಾಗ ಹದಿನೇಳು. ಈಗ ಎಪ್ಪತ್ತಾರು. ನೀನ ಲೆಕ್ಕಾ ಹಾಕು, ಸಾಲಿ ಕಲತಾಕಿ."

"ಐವತ್ತೊಂಬತ್ತು ವರ್ಷ ಆತು. ಒಂದು ಕಾಗದದಾಗ ನಿಮ್ಮ ಹೆಸರು ಐತೇನ್ರಿ?"

ಅತ್ತಿ ಮರಾ ಕೇರೋದು ನಿಲ್ಲಿಸಿದ್ರು. ಅವರಿಗೆ ಯಾರೂ ಈ ಮಾತು ಹೇಳಿರಲಿಲ್ಲ. ವಾರಸಾ ಅಂದ್ರ ಸೊಸಿಗೆ ಹೊಲ ಬರದು ಕೊಡೋದು ಅಂತ ತಿಳಕೊಂಡಿದ್ರು. ನಾ ಹೇಳ್ದೆ, ನಾಲ್ಕು ಮಂದಿ ಹೆಸರು ಬರ್ತಾವ, ನಿಮ್ಮದು, ಆಕಿದು, ಎರಡೂ ಮಕ್ಕಳದು. ನಾಲ್ಕು ಮಂದಿ ಹೆಸರು ಇದ್ದಾಗ ಒಬ್ಬಾಕಿನ ಎಲ್ಲಾ ಹೊಲ ಮಾರಾಕ ಆಗಂಗಿಲ್ಲ. ಮಗನ ಹೆಸರು ಹಂಗ ಬಿಟ್ರ ಬರೋದೂ ಬರಂಗಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಹೆಸರು ಮ್ಯಾಲ ಬರೀತಾರೋ ಕೆಳಗ ಬರೀತಾರೋ?" ಅಂದ್ರು. ನನಗ ನಗು ಬಂತು. ಅವರಿಗೆ ಬರಲಿಲ್ಲ.

ಅತ್ತಿ ಒಪ್ಪಿದ್ರು ಅಂದ್ರ ಎಲ್ಲಾ ಮುಗೀತು ಅಂತ ನಾವು ತಿಳಕೊಂಡ್ವಿ. ಅಲ್ಲಿಂದ ಚಾಲೂ ಆತು ನೋಡ್ರಿ ತಿರಗಾಟ. ಕಚೇರಿ ಹೆಸರು ಬ್ಯಾಡ, ಎಲ್ಲಾ ಕಡೆ ಹಿಂಗ ಇರ್ತಾವು. ನೆಗೆಣ್ಣಿ ಹೆಸರು ಆಧಾರದಾಗ ‘ವ್ವ’ ಅಂತ ಮುಗಿತೈತಿ, ಪಾಸ್‌ಬುಕ್ಕಿನ್ಯಾಗ ‘ಬಾಯಿ’ ಅಂತ ಐತಿ, ರೇಶನ್ ಕಾರ್ಡಿನ್ಯಾಗ ಎರಡೂ ಇಲ್ಲ. ಮೂರು ಹೆಸರಿನಾಕಿ ಒಬ್ಬಾಕಿನ ಅಂತ ಅಫಿಡವಿಟ್ ಮಾಡಿಸಬೇಕಾತು. ಅತ್ತಿ ಹೆಬ್ಬಟ್ಟಿನ ಗೆರಿ ಸವದು ಮಶಿನ್ ತಗೊಳ್ಳಲಿಲ್ಲ, ಮೂರು ಸಲ ಕೈ ತೊಳಸಿ, ಎಣ್ಣಿ ಹಚ್ಚಿ ಒರಸಿ ಒತ್ತಿಸಿದ್ರು. ವಂಶಾವಳಿಗೆ ಒಂದು ತಿಂಗಳ ಮ್ಯಾಲ ಹಿಡೀತು. ತಲಾಟಿ ಬಂದು ಪಂಚರನ್ನ ಕೇಳಿ ಬರಕೊಂಡು ಹೋದ. ಈಗ ತಲಾಟಿ ಅನ್ನಬಾರದಂತ, ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕಂತ. ನಮ್ಮ ಬಾಯಿಗೆ ತಲಾಟಿನ ಬರ್ತೈತಿ. ಒಂದು ಕಚೇರ್ಯಾಗ ಒಬ್ಬಾವ "ಗಂಡಸರನ ಕಳಸ್ರಿ, ನಿಮಗ ತಿಳಿಯಂಗಿಲ್ಲ" ಅಂದ. ನೆಗೆಣ್ಣಿ ಅವತ್ತು ಮೊದಲನೇ ಸಲ ದನಿ ಎತ್ತಿ, "ಗಂಡಸು ತೀರ್ಯಾನಂತನ ಬಂದೀನ್ರಿ" ಅಂದ್ಲು. ಆಮ್ಯಾಲ ಕುರ್ಚಿ ಕೊಟ್ರು.

ನೋಟೀಸ್ ಹಚ್ಚಿದ್ರು, ಯಾರ ತಕರಾರೂ ಇರಲಿಲ್ಲ. 2024ರ ಡಿಸೆಂಬರ್‌ದಾಗ ಹೊಸ ಉತಾರ ಕೈಗೆ ಬಂತು. ಅತ್ತಿ ಹೆಸರು ಮೊದಲ ಬಂದಿತ್ತು. ನನ್ನ ಕಡಿಂದ ಎರಡು ಸಲ ಓದಿಸಿದ್ರು.

ಆಮ್ಯಾಲ ನೆಗೆಣ್ಣಿ ಹೆಸರಿಲೆ ಎಫ್‌ಐಡಿ ಮಾಡಿಸಿದ್ವಿ. ಜನವರ್ಯಾಗ ಕಿಸಾನ್‌ಗೆ ಅರ್ಜಿ. ಇಲ್ಲಿ ಒಂದು ಮಾತು ಭಾಳ ಮಂದಿಗೆ ಗೊತ್ತಿಲ್ಲ. ಈ ಯೋಜನೆಗೆ 2019ರ ಫೆಬ್ರುವರಿ 1ಕ್ಕ ಯಾರ ಹೆಸರಿಲೆ ಹೊಲ ಇತ್ತೋ ಅದನ್ನ ಹಿಡದಾರ. ಆಮ್ಯಾಲ ಖರೀದಿ ಮಾಡಿದವರಿಗೆ, ದಾನಪತ್ರ ಮಾಡಿಸಿಕೊಂಡವರಿಗೆ ಬರಂಗಿಲ್ಲ. ಆದ್ರ ಹೊಲದ ಒಡೆಯ ತೀರಿಕೊಂಡು ವಾರಸಾ ಬಂದಿದ್ರ ಬರ್ತೈತಿ. ಹೊಸಾ ಅರ್ಜ್ಯಾಗ ಹೊಲ ಹೆಂಗ ಬಂತು, ಯಾವಾಗ ಬಂತು ಅಂತ ಕೇಳ್ತಾರ, ಅಲ್ಲಿ ಸರಿಯಾಗಿ ಹೇಳಬೇಕು. ನಮ್ಮ ಊರಾಗ ಇಬ್ಬರು ಗಂಡ ಇಲ್ಲದ ಹೆಣ್ಮಕ್ಕಳಿಗೆ "2019 ಆದಮ್ಯಾಲ ಬಂದ ಹೊಲಕ್ಕ ಇಲ್ಲ" ಅಂತ ಯಾರೋ ಹೇಳಿ ತಿರಗಿ ಕಳಿಸಿದ್ರಂತ. ಅವರಿಗೂ ಈಗ ಹೇಳೀನಿ. ಇನ್ನೊಂದು, ಬ್ಯಾಂಕಿನ್ಯಾಗ ಆಧಾರ ಜೋಡಿಸೀವಿ ಅಂದ್ರ ಸಾಲಂಗಿಲ್ಲ, ಸರಕಾರದ ರೊಕ್ಕ ಯಾವ ಖಾತೆಕ್ಕ ಬೀಳಬೇಕು ಅಂತ ಎನ್‌ಪಿಸಿಐ ಜೋಡಣೆ ಅಂತ ಬ್ಯಾರೆ ಇರ್ತೈತಿ. ಎರಡು ಮೂರು ಖಾತೆ ಇದ್ದವರದು ಇಲ್ಲೇ ತಪ್ಪತೈತಿ, ರೊಕ್ಕ ಎಂದೋ ಮರತ ಖಾತೆಕ್ಕ ಹೋಗಿ ಕುಂತಿರ್ತೈತಿ. ಹೆಬ್ಬಟ್ಟು ಬರದವರಿಗೆ ಕಿಸಾನ್ ಆ್ಯಪಿನ್ಯಾಗ ಮಾರಿ ತೋರಿಸಿ ಇ-ಕೆವೈಸಿ ಮಾಡೋದೂ ಐತಿ. ನೆಗೆಣ್ಣಿದು ಮಗಳ ಮಾಡಿದ್ಲು, ಅಂಗಳದಾಗ ಬೆಳಕಿಗೆ ನಿಲ್ಲಿಸಿ. "ಕಣ್ಣ ಮಿಟಕಸ ಯವ್ವಾ" ಅಂತ ಮಗಳು, "ಹೆಂಗ ಮಿಟಕಸ್ಲೆ" ಅಂತ ಇಕಿ.

ಫೆಬ್ರುವರಿ ಕಂತು ಬರಲಿಲ್ಲ, ಅರ್ಜಿ ಇನ್ನೂ ಪಾಸ್ ಆಗಿರಲಿಲ್ಲ. 2025ರ ಆಗಸ್ಟ್ 2ಕ್ಕ 20ನೇ ಕಂತು ಬಿಟ್ಟಾಗ ಆಕಿ ಖಾತೆಕ್ಕ ಬಂತು. ಶನಿವಾರ. ಆಕಿ ಹೊಲದಾಗಿದ್ಲು, ಮೆಸೇಜ್ ಸಂಜಿಕೆ ನೋಡಿದ್ಲು. ನನಗ ಫೋನ್ ಮಾಡಿ, "ಎಕ್ಕಾ ಬಂತು" ಅಂದ್ಲು, ಆಮ್ಯಾಲ ಮಾತಾಡಲಿಲ್ಲ. ನಾನೂ ಫೋನ್ ಹಿಡಕೊಂಡ ಕುಂತೆ.

ಒಂದು ದಿನಾ ಇಬ್ಬರೂ ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿದ್ವಿ. 2022ರ ಅಕ್ಟೋಬರ್‌ದು ಹೋತು. 2023ರಾಗ ಫೆಬ್ರುವರಿದು, ಜುಲೈದು, ನವೆಂಬರ್‌ದು ಹೋದವು. ಆ ಫೆಬ್ರುವರಿದಂತೂ ಪ್ರಧಾನಿ ಬೆಳಗಾವಿಗೇ ಬಂದು ಬಿಡುಗಡೆ ಮಾಡಿದ್ದು, ಅಲ್ಲಿರೋ ನನ್ನ ತಂಗಿ ಆವತ್ತು ಮಂದಿ ನೋಡಿ ಮನಿಂದ ಹೊರಗ ಬೀಳಲಿಲ್ಲ. 2024ರಾಗ ಮೂರು, 2025ರ ಫೆಬ್ರುವರಿದು ಒಂದು. ಕೂಡಿ ಎಂಟು ಕಂತು, 16,000. ಬರಗಾಲದ 13,700. ಹತ್ತತ್ರ ಮೂವತ್ತು ಸಾವಿರ. ಹಿಂದಿನದು ಕೊಡ್ತಾರೇನು ಅಂತ ಕೇಳಿದ್ವಿ, ನಮಗಂತೂ ಬರಲಿಲ್ಲ. ಅಷ್ಟರಾಗ ಮಗಳ ಪಿಯುಸಿ ಫೀ ಸಲುವಾಗಿ ಆಕಿ ತನ್ನ ಬೋರಮಾಳ ಸರಾ ಅಡವು ಇಟ್ಟಿದ್ಲು. ಅದು ಇನ್ನೂ ಬಿಡಿಸಿಲ್ಲ.

ಯಾರ ಮ್ಯಾಲ ಸಿಟ್ಟಾಗಬೇಕು ಅಂತ ನಾ ಭಾಳ ವಿಚಾರ ಮಾಡೀನಿ. ಅತ್ತಿ ಮ್ಯಾಲ ನನಗ ಸಿಟ್ಟಿಲ್ಲ. ಕಚೇರ್ಯಾಗಿನವರು ಕಾಗದಾ ಕೇಳಬಾರದೇನು, ಕೇಳಬೇಕು, ಇಲ್ಲಾಂದ್ರ ಯಾರ್ಯಾರೋ ತಗೊಂಡು ಹೋಗ್ತಾರ. ಆದ್ರ ಮರಣ ದಾಖಲೆ ಕೊಡೋದೂ ಸರಕಾರ, ವಿಧವಾ ವೇತನ ಕೊಡೋದೂ ಸರಕಾರ, ಉತಾರ ಇಟ್ಟುಕೊಂಡದ್ದೂ ಸರಕಾರ. ಇವು ಮೂರೂ ಒಂದಕ್ಕೊಂದು ಮಾತಾಡಿಕೊಂಡಿದ್ರ ಒಬ್ಬ ಹೆಣ್ಮಗಳು ಎಂಟು ಕಂತು ಕಳಕೊಳ್ತಿದ್ದಿಲ್ಲ.

ಇನ್ನ ಹೊಲ ಇಲ್ಲದವರ ಮಾತು. ನಮ್ಮ ಹಿಂದಿನ ಮನ್ಯಾಕಿ ಲಾವಣಿ ಹಾಕ್ಕೊಂಡು ಮೂರು ಎಕರೆ ಮಾಡ್ತಾಳ, ಹೊಲದವರು ಹುಬ್ಬಳ್ಳ್ಯಾಗ ಇರ್ತಾರ. ನಮ್ಮ ರಾಜ್ಯದಾಗ ಭೂಸುಧಾರಣೆ ಕಾಯ್ದೆ ಬಂದಮ್ಯಾಲ ಲಾವಣಿಗೆ ಕಾಗದಾ ಯಾರೂ ಮಾಡಿ ಕೊಡಂಗಿಲ್ಲ, ಎಲ್ಲಾ ಬಾಯಿಮಾತು. ಬರಗಾಲದಾಗ ಒಣಗಿದ್ದು ಆಕಿ ಬಿತ್ತಿದ ಹೆಸರು, ಪರಿಹಾರ ಬಂದದ್ದು ಹುಬ್ಬಳ್ಳಿಗೆ. ಆ ಹೊಲದವರು ಚಲೋ ಮಂದಿ, ಲಾವಣಿ ರೊಕ್ಕದಾಗ ಸ್ವಲ್ಪ ಬಿಟ್ರು. ಬಿಡಲಿಲ್ಲಂದ್ರೂ ಆಕಿ ಕೇಳಾಕ ಬರ್ತಿದ್ದಿಲ್ಲ. ನನ್ನ ನೆಗೆಣ್ಣಿಗೆ ಕಾಗದಾ ತಡಾ ಆತು, ಆಕಿಗೆ ಕಾಗದಾನ ಇಲ್ಲ.

ಈ ಕಥಿ ಎಲ್ಲಾ ಆದಮ್ಯಾಲ ನಾನೂ ನಮ್ಮ ಮನಿಯವರಿಗೆ ಕೇಳ್ದೆ, "ನಮ್ಮ ನಾಲ್ಕು ಎಕರೆದಾಗ ನನ್ನ ಹೆಸರು ಯಾವಾಗ್ರೀ?" ಅಂತ. "ಯಾಕ, ನಾ ಇನ್ನೂ ಗಟ್ಟಿ ಅದೀನಲ್ಲ" ಅಂದ್ರು. ಗಟ್ಟಿ ಇದ್ದಾಗನ ಕೇಳಬೇಕಲ್ರೀ ಅಂದೆ. ಬೀಳಗಿಕಡೆ ನೋಡಿದಂಗ ಮಾಡಿ ಹೊರಗ ಹೋದ್ರು. ಮಾತು ಇನ್ನೂ ನಡದೈತಿ, ನಾ ಬಿಟ್ಟಿಲ್ಲ.

2025ರ ನವೆಂಬರ್ 19ಕ್ಕ ಬಂದ ಕಂತಿನ್ಯಾಗ ನೆಗೆಣ್ಣಿ ರೈತ ಸಂಪರ್ಕ ಕೇಂದ್ರಕ್ಕ ತಾನ ಹೋಗಿ, ತನ್ನ ನಂಬರ್ ಹೇಳಿ, ಅರ್ಧ ಬೆಲಿಗೆ ಒಂದು ತಾಡಪತ್ರಿ ತಂದಾಳ. ಕಡ್ಲಿ ಈಗ ಹೂವಿನ್ಯಾಗ ಐತಿ. ಅತ್ತಿ ತಾಡಪತ್ರಿ ಅಂಗಳದಾಗ ಹಾಸಿಸಿ, ಗೇಣು ಹಾಕಿ ಅಳದು, "ಸಣ್ಣದಾತು, ದೊಡ್ಡದು ತರಬೇಕಿತ್ತು" ಅಂದ್ರು. ಉತಾರದ ಝೆರಾಕ್ಸ್ ಒಂದು ಅವರ ಟ್ರಂಕಿನ್ಯಾಗ ಐತಿ, ಇಳಕಲ್ ಸೀರಿ ಕೆಳಗ.